ಬಾಟ್ಲಿ ಮೇಲೆ 99.9 ಅಂತಿದ್ರೆ ಸಾಕಾ? ಒಂದೊಂದೇ ಡಿಎನ್‌ಎ ನೋಡೋರ ಕೆಮಿಕಲ್ ತಲೆನೋವು

ಟ್ರಿಸ್ ಅನ್ನೋ ಬಫರ್ (ದ್ರಾವಣದ ಹುಳಿ-ಕ್ಷಾರ ಏರುಪೇರಾಗದ ಹಾಗೆ ಹಿಡಿದಿಡೋದು) ಪುಡಿ ಇಲ್ಲದ ಬಯಾಲಜಿ ಲ್ಯಾಬ್ ಇಲ್ಲ. ಬಾಟ್ಲಿ ಮೇಲೆ 99.9 ಪರ್ಸೆಂಟ್ ಪ್ಯೂರ್ ಅಂತ ಇರುತ್ತೆ, ಸುಳ್ಳೇನಲ್ಲ ಅದು. ಆದ್ರೆ ಒಂದು ಲೆಕ್ಕ ಹಾಕ್ಕೊಳಿ. ನಾವು ಸಾಮಾನ್ಯವಾಗಿ 50 ಮಿಲಿಮೋಲಾರ್ ಟ್ರಿಸ್ ಹಾಕ್ತೀವಿ (ಮೋಲಾರ್ ಅಂದ್ರೆ ಒಂದು ಲೀಟರಿನಲ್ಲಿ ಎಷ್ಟು ಅಣು ಅನ್ನೋ ಅಳತೆ; ಮಿಲಿಯ ಹತ್ತು ಲಕ್ಷದಲ್ಲೊಂದು ಪಾಲು ನ್ಯಾನೊ, ನ್ಯಾನೊದ ಸಾವಿರದಲ್ಲೊಂದು ಪಿಕೊ). ಅದ್ರಲ್ಲಿ ಹತ್ತು ಲಕ್ಷಕ್ಕೆ ಒಂದೇ ಒಂದು ಅಣು ಬೆಳಕು ಬಿಡೋ ಜಾತಿದು ಅಂದ್ಕೊಂಡ್ರೂ ಬಫರ್‌ನಲ್ಲಿ ಆ ಕಸ 50 ನ್ಯಾನೊಮೋಲಾರ್ ಆಯ್ತು. ನಾವು ನೋಡೋಕೆ ಹೊರಟಿರೋ, ಲೇಸರ್ ಬಿದ್ರೆ ಹೊಳೆಯೋ ಬಣ್ಣ ಅಂಟಿಸಿರೋ ಡಿಎನ್‌ಎ ಎಷ್ಟಿರುತ್ತೆ? 50 ಪಿಕೊಮೋಲಾರ್ ಅಷ್ಟೇ. ಅಂದ್ರೆ ನಮ್ಮ ಡಿಎನ್‌ಎ ಒಂದಿದ್ರೆ ಕಸ ಸಾವಿರ. ಅದೂ ಹತ್ತು ಲಕ್ಷಕ್ಕೆ ಒಂದು ಅನ್ನೋ ಲೆಕ್ಕದಲ್ಲಿ. 99.9 ಅನ್ನೋ ಮಾತು ಹತ್ತು ಲಕ್ಷಕ್ಕೆ ಸಾವಿರ ಕಸಕ್ಕೆ ಜಾಗ ಬಿಟ್ಟಿದೆ. ಪುಣ್ಯಕ್ಕೆ ಆ ಸಾವಿರದಲ್ಲಿ ಹೆಚ್ಚಿನವು ಹೊಳೆಯದೇ ಇರೋ ಉಪ್ಪು, ತೇವ, ಅಂಥವು, ಇಲ್ಲಾಂದ್ರೆ ಈ ಕೆಲಸಾನೇ ಯಾರೂ ಮಾಡೋಕಾಗ್ತಿರ್ಲಿಲ್ಲ.

ಮಾಮೂಲಿ ಪ್ರಯೋಗದಲ್ಲಿ ಕೋಟ್ಯಂತರ ಡಿಎನ್‌ಎ ಒಟ್ಟಿಗೆ ಒಂದು ಟ್ಯೂಬ್‌ನಲ್ಲಿ ಹಾಕಿ ಸರಾಸರಿ ನೋಡ್ತೀವಿ, ಸ್ವಲ್ಪ ಕಸ ಇದ್ರೂ ಸರಾಸರೀಲಿ ಮುಚ್ಚೋಗುತ್ತೆ. ಸಿಂಗಲ್ ಮಾಲಿಕ್ಯೂಲ್ ಇಮೇಜಿಂಗ್‌ನಲ್ಲಿ ಹಂಗಲ್ಲ, ಗಾಜಿನ ಮೇಲೆ ಡಿಎನ್‌ಎನ ದೂರದೂರ ಅಂಟಿಸಿ, ಒಂದೊಂದರ ಚುಕ್ಕೀನೂ ಬೇರೆಬೇರೆಯಾಗಿ ಕ್ಯಾಮರಾದಲ್ಲಿ ಹಿಡೀತೀವಿ. ಭಾನುವಾರ ಸಂಜೆ ಮೈಸೂರು ಅರಮನೆಗೆ ದೀಪ ಹಾಕಿದಾಗ, ಒಂದು ಲಕ್ಷದ ಹತ್ತಿರ ಬಲ್ಬು ಉರೀತಿರೋ ಹೊತ್ತಲ್ಲಿ, ಅದರ ಮುಂದೆ ಹಾರೋ ಒಂದು ಮಿಂಚುಹುಳ ಹುಡುಕಿ ಅಂದ್ರೆ ಹೆಂಗೋ ಹಂಗೆ. ಹುಳದ ಬೆಳಕು ಜಾಸ್ತಿ ಮಾಡೋಕಾಗಲ್ಲ, ಅರಮನೆ ದೀಪ ಆರಿಸ್ಬೇಕು. 1995ರಲ್ಲಿ ಜಪಾನಿನ ಫುನಾತ್ಸು, ಯಾನಾಗಿದಾ ಅವರ ಗುಂಪು ನೀರಿನಲ್ಲಿರೋ ಒಂಟಿ ಬಣ್ಣದ ಅಣುಗಳನ್ನ ತೋರಿಸಿದ್ದೂ ಹಿನ್ನೆಲೆ ಬೆಳಕನ್ನ ಭಾರಿ ಇಳಿಸಿದ್ರಿಂದಾನೇ. ಈಗ ಎಲ್ಲರೂ ಬಳಸೋ ಟಿರ್ಫ್ ಅನ್ನೋ ವಿಧಾನದಲ್ಲಿ ಲೇಸರ್‌ನ ಓರೆಯಾಗಿ ಬಿಟ್ಟು ಗಾಜಿನಿಂದ 100-200 ನ್ಯಾನೊಮೀಟರ್ ಒಳಗಿರೋದನ್ನ ಮಾತ್ರ ಬೆಳಗಿಸ್ತಾರೆ, ಮೇಲಿನ ನೀರೆಲ್ಲಾ ಕತ್ತಲೆ. ಆದ್ರೂ ಕ್ಯಾಮರಾದ ಒಂದು ಫ್ರೇಮು 80 ಮೈಕ್ರಾನ್ ಚೌಕ ಅಂತ ಇಟ್ಕೊಂಡ್ರೆ, 100 ನ್ಯಾನೊಮೀಟರ್ ದಪ್ಪದ ಆ ಪದರದಲ್ಲೇ ಮೇಲೆ ಹೇಳಿದ 50 ನ್ಯಾನೊಮೋಲಾರ್ ಕಸ ಸುಮಾರು 19 ಸಾವಿರ ಅಣು ಬರುತ್ತೆ. ಅಲ್ಲಿ ಗಾಜಿಗೆ ಅಂಟಿಸಿರೋ ನಮ್ಮ ಮುನ್ನೂರು ಚುಕ್ಕಿ ಯಾವ್ದು ಅಂತ ಯಾರು ಹೇಳ್ತಾರೆ.

ನಮ್ಮ ಲ್ಯಾಬ್‌ಗೆ ಮಂಡ್ಯ ಕಡೆಯಿಂದ ಪ್ರಾಜೆಕ್ಟಿಗೆ ಬಂದಿರೋ ಹುಡುಗ ಇದನ್ನೇ ಕೇಳಿದ್ದು, "ಅಕ್ಕಾ, ಕಂಪ್ನಿಯವ್ರೇ ಟೆಸ್ಟ್ ಮಾಡಿ ಸರ್ಟಿಫಿಕೇಟ್ ಕೊಟ್ಟವ್ರಲ್ಲ, ಮತ್ತೆ ನಾವ್ಯಾಕ್ ಮಾಡದು?" ಅಂತ. ನ್ಯಾಯವಾದ ಪ್ರಶ್ನೆ. ನೋಡಪ್ಪಾ, ಸರ್ಟಿಫಿಕೇಟ್ ತಗೊಂಡು ಓದು, ಅದ್ರಲ್ಲಿ ತೂಕದ ಲೆಕ್ಕ ಇದೆ, ಭಾರಲೋಹ ಎಷ್ಟು, ತೇವ ಎಷ್ಟು ಅಂತ ಇದೆ. ಎನ್‌ಜೈಮ್ ಆದ್ರೆ ಅದು ಎಷ್ಟು ಯೂನಿಟ್ ಕೆಲಸ ಮಾಡುತ್ತೆ ಅಂತ ಇದೆ. ನಮಗೆ ಬೇಕಾಗಿರೋದು ಬೇರೆ. 532 ನ್ಯಾನೊಮೀಟರ್ ಹಸಿರು ಲೇಸರ್ ಬಿಟ್ರೆ ಇದು ಹೊಳೆಯುತ್ತಾ, ಡಿಎನ್‌ಎನ ಕತ್ತರಿಸುತ್ತಾ, ನಮ್ಮ ಬಣ್ಣಾನ ಸಾಯಿಸುತ್ತಾ. ಅದು ಯಾವುದನ್ನೂ ಅವರು ಕೇಳೇ ಇಲ್ಲ, ಉತ್ತರ ಎಲ್ಲಿಂದ ಬರಬೇಕು.

ಹೊಳೆಯೋದರಿಂದಾನೇ ಶುರು ಮಾಡೋಣ, ಇದು ಸುಲಭ. ಟಿರ್ಫ್ ಮೈಕ್ರೋಸ್ಕೋಪು ನಮ್ಮಲ್ಲಿಲ್ಲ, ಬೆಂಗಳೂರಿಗೆ ಹೋಗ್ಬೇಕು, ಸ್ಲಾಟ್ ಸಿಗೋದೇ ಕಷ್ಟ, ಆದ್ರೆ ದ್ರಾವಣದ ಹೊಳಪು ಅಳೆಯೋ ಫ್ಲೋರಿಮೀಟರ್ ಇಲ್ಲೇ ಇದೆ. ಒಂದೊಂದು ಸ್ಟಾಕನ್ನೂ (ಮೊದಲೇ ಕಲಸಿಟ್ಟ ದ್ರಾವಣ), ಟ್ರಿಸ್, ಉಪ್ಪು, ಮೆಗ್ನೀಸಿಯಂ, ಬಿಎಸ್‌ಎ (ಗಾಜಿಗೆ ಬೇರೇದು ಅಂಟದ ಹಾಗೆ ಹಾಕೋ ದನದ ಪ್ರೋಟೀನು), ಗ್ಲೂಕೋಸು, ಬೇರೆಬೇರೆ ಕ್ಯುವೆಟ್‌ನಲ್ಲಿ, ಅಂದ್ರೆ ಪಾರದರ್ಶಕ ಪುಟ್ಟ ಡಬ್ಬೀಲಿ, ಹಾಕಿ ನಮ್ಮ ಲೇಸರ್‌ನ ಅಲೆಯುದ್ದ ಕೊಟ್ಟು ಏನು ವಾಪಸ್ ಬರುತ್ತೆ ನೋಡ್ಬೇಕು. ಇಲ್ಲಿ ಹೊಸಬರು ಒಂದ್ಕಡೆ ಎಡವ್ತಾರೆ. 532 ಕೊಟ್ರೆ 650ರ ಹತ್ತಿರ ಒಂದು ದಿಬ್ಬ ಬಂದೇ ಬರುತ್ತೆ, ಎಷ್ಟೇ ಒಳ್ಳೇ ನೀರಾದ್ರೂ. ಅದು ಕಸ ಅಲ್ಲ, ನೀರಿನ ರಾಮನ್ ಚದುರುವಿಕೆ, ನಮ್ಮ ಸಿ.ವಿ. ರಾಮನ್ ಕಂಡುಹಿಡಿದದ್ದೇ. ನಾವು ಅಂಟಿಸೋ ಸೈ5 ಅನ್ನೋ ಕೆಂಪು ಬಣ್ಣ ಬೆಳಗೋ ಜಾಗಾನೂ ಹೆಚ್ಚುಕಮ್ಮಿ ಅದೇ, ಹಂಗಾಗಿ ಗಾಬರಿ ಆಗೋದು ಸಹಜ. ಗುರುತಿಸೋಕೆ ಕೊಡೋ ಬೆಳಕಿನ ಅಲೆಯುದ್ದ ಒಂದು ಹತ್ತು ನ್ಯಾನೊಮೀಟರ್ ಈಕಡೆಗೆ ಸರಿಸಿ ನೋಡಿ, ದಿಬ್ಬಾನೂ ಜೊತೇಲೇ ಸರಿದ್ರೆ ರಾಮನ್, ಅಲ್ಲೇ ಕೂತಿದ್ರೆ ನಿಜವಾದ ಕಸ.

ಫ್ಲೋರಿಮೀಟರ್ ಮೊದಲನೇ ಜರಡಿ ಅಷ್ಟೇ, ಅಲ್ಲಿ ಪಾಸಾಗಿದ್ದು ಮೈಕ್ರೋಸ್ಕೋಪಲ್ಲಿ ಫೇಲ್ ಆಗಬಹುದು, ಯಾಕಂದ್ರೆ ಗಾಜಿಗೆ ಹೋಗಿ ಅಂಟಿಕೊಳ್ಳೋ ಕಸ ಕ್ಯುವೆಟ್‌ನಲ್ಲಿ ಗೊತ್ತೇ ಆಗಲ್ಲ. ಅದಕ್ಕೆ ಬ್ಲ್ಯಾಂಕ್ ಓಡಿಸೋದು. ಡಿಎನ್‌ಎ ಒಂದನ್ನ ಬಿಟ್ಟು ಮಿಕ್ಕಿದ್ದೆಲ್ಲಾ, ಪ್ರಯೋಗದ ದಿನ ಯಾವ ಕ್ರಮದಲ್ಲಿ ಹಾಕ್ತೀವೋ ಅದೇ ಕ್ರಮದಲ್ಲಿ. ಮೊದಲು ಬರೀ ತೊಳೆದ ಗಾಜು ಮತ್ತೆ ಬಫರು, ಚುಕ್ಕಿ ಎಣಿಸಿ. ಆಮೇಲೆ ಬೇರೇದು ಅಂಟದ ಹಾಗೆ ಪೆಗ್ ಅನ್ನೋ ಪಾಲಿಮರ್ ಹಚ್ಚಿದ ಗಾಜು, ಎಣಿಸಿ. ಡಿಎನ್‌ಎನ ಗಾಜಿಗೆ ಹಿಡಿದಿಡೋ ನ್ಯೂಟ್ರಾವಿಡಿನ್ ಬಿಡಿ, ತೊಳೀರಿ, ಎಣಿಸಿ. ಬಿಎಸ್‌ಎ, ಮತ್ತೆ ಎಣಿಸಿ. ಕೊನೇಗೆ ಆಕ್ಸಿಜನ್ ತೆಗೆಯೋ ಎನ್‌ಜೈಮು, ಅದು ಯಾಕೆ ಅಂತ ಆಮೇಲೆ ಹೇಳ್ತೀನಿ. ಲೇಸರ್ ಪವರ್ರು, ಎಕ್ಸ್‌ಪೋಷರ್ರು ಒಂದು ಚೂರೂ ಬದಲಾಯಿಸಬಾರದು, ಬದಲಾಯಿಸಿದ್ರೆ ಎಣಿಕೆಗೆ ಬೆಲೆ ಇಲ್ಲ. ಯಾವ ಮೆಟ್ಟಿಲಲ್ಲಿ ಚುಕ್ಕಿ ದಿಢೀರ್ ಅಂತ ಏರಿತೋ ಕಳ್ಳ ಅಲ್ಲೇ ಇದಾನೆ. ನನ್ನ ಲೆಕ್ಕದಲ್ಲಿ ಒಂದು ಫ್ರೇಮಿಗೆ ಮುನ್ನೂರು ಡಿಎನ್‌ಎ ಚುಕ್ಕಿ ಇಡೋ ಪ್ರಯೋಗಕ್ಕೆ ಬ್ಲ್ಯಾಂಕ್‌ನಲ್ಲಿ ಹತ್ತರ ಒಳಗಿದ್ರೆ ಮುಂದುವರೀಬಹುದು, ಮೂವತ್ತಾದ್ರೆ ವಾಪಸ್ ಸಿಂಕ್‌ಗೆ. ಮತ್ತೆ ಹಸಿರು ಲೇಸರ್‌ಗಿಂತ ಕೆಂಪು ಲೇಸರ್‌ಗೆ ಹೊಳೆಯೋ ಕಸ ಕಮ್ಮಿ, ಆಯ್ಕೆ ಇದ್ರೆ ಮುಖ್ಯವಾದ ಬಣ್ಣಾನ ಕೆಂಪು ಕಡೆ ಇಟ್ಕೊಳ್ಳೋದು ಜಾಣತನ.

ಕಸ ಸಿಕ್ಕಿದ ಮೇಲೆ ಏನು ಮಾಡ್ಬೇಕು ಅನ್ನೋದು ಅದು ಎಲ್ಲಿ ಸಿಕ್ತು ಅನ್ನೋದರ ಮೇಲೆ. ಗಾಜಲ್ಲಾದ್ರೆ ಅಸಿಟೋನ್, ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಲ್ಲಿ ಸೋನಿಕೇಟ್ ಮಾಡಿ ಚೆನ್ನಾಗಿ ತೊಳೆಯೋದು, ಬಫರಲ್ಲಾದ್ರೆ 0.2 ಮೈಕ್ರಾನ್ ಫಿಲ್ಟರ್ ಹಾಕಿ ಆಮೇಲೆ ಜೋರು ಎಲ್‌ಇಡಿ ಕೆಳಗೆ ರಾತ್ರಿಯೆಲ್ಲಾ ಇಟ್ಟು ಕಸದ ಬಣ್ಣಾನೇ ಸುಟ್ಟುಹಾಕೋದು, ಇದು ಬಡವರ ಉಪಾಯ, ಕೆಲಸ ಮಾಡುತ್ತೆ, ಆದ್ರೆ ಎನ್‌ಜೈಮು ಹಾಕೋ ಮುಂಚೆ ಮಾಡ್ಬೇಕು. ನೀರಿನ ಬಗ್ಗೆ ಒಂದು ಮಾತು, ಮೆಷಿನ್ ಮೇಲೆ 18.2 ಮೆಗಾಓಮ್ ಅಂತ ತೋರಿಸ್ತಿದೆ ಅಂತ ಖುಷಿಪಡಬೇಡಿ. ಅದು ಅಯಾನು ಇಲ್ಲ ಅಂತ ಹೇಳುತ್ತೆ ಅಷ್ಟೇ, ವಿದ್ಯುತ್ ಹರಿಸದ ಸಾವಯವ ಕಸದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಅದಕ್ಕೆ ಟಿಒಸಿ (ಒಟ್ಟು ಸಾವಯವ ಇಂಗಾಲ) ಅನ್ನೋ ಬೇರೆ ಸಂಖ್ಯೆ ಇರುತ್ತೆ, ಕಾರ್ಟ್ರಿಡ್ಜ್ ಹಳೇದಾದ್ರೆ ಮೊದಲು ಏರೋದೂ ಕೆಲವು ಸಲ ಅದೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ, ಕತ್ತರಿ. ಹೊಳೆಯೋ ಕಸ ಕಣ್ಣಿಗೆ ಕಾಣುತ್ತೆ, ಬೈಕೊಂಡು ತೊಳೀಬಹುದು. ಡಿಎನ್‌ಎ ಕತ್ತರಿಸೋ ನ್ಯೂಕ್ಲಿಯೇಸ್ ಕಾಣಲ್ಲ, ಅದು ಮಾಡೋ ಕೆಲಸ ನೋಡೋಕೆ ಥೇಟ್ ನಿಮ್ಮ ಪ್ರೋಟೀನ್ ಮಾಡಿದ ಹಂಗೇ ಇರುತ್ತೆ. ನೀವು ಡಿಎನ್‌ಎ ರಿಪೇರಿ ಪ್ರೋಟೀನ್ ಹಾಕಿದ್ರಿ, ಡಿಎನ್‌ಎ ತುಂಡಾಯ್ತು, ಅಬ್ಬಾ ಹೊಸದೇನೋ ಸಿಕ್ತು ಅಂತ ಪೇಪರ್ ಬರೆಯೋಕೆ ಕೂತ್ಕೊಂಡ್ರಿ. ಕತ್ತರಿಸಿದ್ದು ಯಾರು?

ಇದು ಸುಮ್ನೆ ಹೆದರಿಸೋ ಮಾತಲ್ಲ. ಬಣ್ಣದ ಅಣುಗಳು ಲೇಸರ್ ಕೆಳಗೆ ಸ್ವಲ್ಪ ಹೊತ್ತು ಬಾಳಬೇಕು ಅಂದ್ರೆ ನೀರಲ್ಲಿ ಕರಗಿರೋ ಆಕ್ಸಿಜನ್ ತೆಗೀಬೇಕು. ಅದಕ್ಕೆ ಹೆಚ್ಚಿನವರು ಹಾಕೋದು ಗ್ಲೂಕೋಸ್ ಆಕ್ಸಿಡೇಸ್ ಮತ್ತೆ ಕ್ಯಾಟಲೇಸ್ ಜೋಡಿ, ಇಲ್ಲಾ ಪಿಸಿಡಿ ಅನ್ನೋ ಇನ್ನೊಂದು ಎನ್‌ಜೈಮು. ಮೊದಲನೇದು ಆಸ್ಪರ್ಜಿಲಸ್ ನೈಗರ್ ಅನ್ನೋ ಕರಿ ಬೂಸ್ಟಿನಿಂದ ತೆಗೀತಾರೆ, ಎರಡನೇದು ದನದ ಲಿವರ್‌ನಿಂದ, ಪಿಸಿಡಿ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾದಿಂದ. ಬೂಸ್ಟು, ಲಿವರ್, ಬ್ಯಾಕ್ಟೀರಿಯಾ ಮೂರರಲ್ಲೂ ಡಿಎನ್‌ಎ ಕತ್ತರಿಸೋ ಎನ್‌ಜೈಮು ಧಾರಾಳವಾಗಿ ಇರುತ್ತೆ, ಶುದ್ಧ ಮಾಡೋವಾಗ ಒಂದಿಷ್ಟು ಜೊತೇಲೇ ಬರುತ್ತೆ. ಮನೇಲಿ ಶುಗರ್ ನೋಡ್ಕೊಳ್ಳೋ ಎಷ್ಟೋ ಸ್ಟ್ರಿಪ್‌ನಲ್ಲಿರೋದೂ ಈ ಗ್ಲೂಕೋಸ್ ಆಕ್ಸಿಡೇಸೇ, ಅಲ್ಲಿ ನ್ಯೂಕ್ಲಿಯೇಸ್ ಇದ್ರೆಷ್ಟು ಬಿಟ್ರೆಷ್ಟು, ಹಂಗಾಗಿ ಮಾರೋರಿಗೂ ಅದು ತಲೇಲಿರಲ್ಲ. 2015ರಲ್ಲಿ ಅಮೆರಿಕದ ಓಹಾಯೋದ ರಿಚರ್ಡ್ ಫಿಶೆಲ್ ಅವರ ಗುಂಪು ನೇಚರ್ ಮೆಥಡ್ಸ್ ಪತ್ರಿಕೇಲಿ ಇದನ್ನೇ ಬರೀತು, ಎಲ್ಲರೂ ಬಳಸೋ ಆಕ್ಸಿಜನ್ ತೆಗೆಯೋ ಮಿಶ್ರಣಗಳಲ್ಲಿ ನ್ಯೂಕ್ಲಿಯೇಸ್ ಕಲಬೆರಕೆ ವ್ಯಾಪಕವಾಗಿದೆ ಅಂತ. ಅದಕ್ಕೂ ಮುಂಚೆ ವರ್ಷಗಟ್ಟಲೆ ಜನ ಅದನ್ನೇ ಹಾಕ್ಕೊಂಡು ಡಿಎನ್‌ಎ ನೋಡ್ತಿದ್ರು ಅನ್ನೋದು ನೆನಪಿರಲಿ.

ಟೆಸ್ಟು ಮಾತ್ರ ಸಿಕ್ಕಾಪಟ್ಟೆ ಸರಳ, ಬಿಎಸ್ಸಿ ಲ್ಯಾಬ್‌ನಲ್ಲೂ ಆಗುತ್ತೆ. ಬೇಕಾಗಿರೋದು ಸೂಪರ್‌ಕಾಯಿಲ್ ಆಗಿರೋ ಪ್ಲಾಸ್ಮಿಡ್, ಅಂದ್ರೆ ಹುರಿ ಏರಿಸಿದ ಹಗ್ಗದ ಹಂಗೆ ಸುತ್ತಿಕೊಂಡಿರೋ ದುಂಡನೆ ಡಿಎನ್‌ಎ. ಎರಡು ಎಳೇಲಿ ಎಲ್ಲೋ ಒಂದು ಕಡೆ, ಒಂದೇ ಒಂದು ಎಳೆಗೆ ಗೀರು ಬಿದ್ರೂ ಹುರಿಯೆಲ್ಲಾ ಬಿಚ್ಕೊಂಡು ಸಡಿಲ ಉಂಗುರ ಆಗೋಗುತ್ತೆ, ಕರೆಂಟ್ ಕೊಟ್ಟು ಡಿಎನ್‌ಎ ಓಡಿಸೋ ಜೆಲ್‌ನಲ್ಲಿ ನಿಧಾನ ಓಡುತ್ತೆ. ಪಿಬಿಆರ್322 ಅನ್ನೋ ಪ್ಲಾಸ್ಮಿಡ್ ತಗೊಂಡ್ರೆ 4,361 ಜೋಡಿ ಬೇಸು, ಎರಡೂ ಎಳೆ ಸೇರಿ 8,722 ಕೊಂಡಿ, ಅದ್ರಲ್ಲಿ ಯಾವ ಒಂದು ಕೊಂಡಿ ತುಂಡಾದ್ರೂ ಬ್ಯಾಂಡು, ಅಂದ್ರೆ ಜೆಲ್‌ನಲ್ಲಿ ಕಾಣೋ ಡಿಎನ್‌ಎ ಗೆರೆ, ಜಾಗ ಬದಲಾಯಿಸುತ್ತೆ. ಇಷ್ಟು ಸೂಕ್ಷ್ಮವಾದ, ಇಷ್ಟು ಅಗ್ಗದ ಟೆಸ್ಟ್ ಇನ್ನೊಂದಿಲ್ಲ.

ಮಾಡೋದು ಹೀಗೆ. 20 ಮೈಕ್ರೋಲೀಟರ್ ಟ್ಯೂಬ್‌ನಲ್ಲಿ 200 ನ್ಯಾನೊಗ್ರಾಮ್ ಪ್ಲಾಸ್ಮಿಡ್, ಪ್ರಯೋಗಕ್ಕೆ ಬಳಸೋ ಬಫರೇ, ಮೆಗ್ನೀಸಿಯಂ ಹಾಕಿರಲೇಬೇಕು, ಯಾಕಂದ್ರೆ ಹೆಚ್ಚಿನ ನ್ಯೂಕ್ಲಿಯೇಸ್‌ಗಳಿಗೆ ಅದಿಲ್ದೆ ಹಲ್ಲಿಲ್ಲ. ಮೆಗ್ನೀಸಿಯಂ ಬಿಟ್ಟು ಟೆಸ್ಟ್ ಮಾಡಿ ಎಲ್ಲಾ ಕ್ಲೀನ್ ಅಂತ ಬರೆದುಕೊಂಡ್ರೆ ಅದಕ್ಕಿಂತ ಮೋಸ ಇನ್ನೊಂದಿಲ್ಲ. ಒಂದು ಟ್ಯೂಬ್‌ಗೆ ಏನೂ ಸೇರಿಸಬೇಡಿ, ಒಂದಕ್ಕೆ ಗ್ಲೂಕೋಸ್ ಆಕ್ಸಿಡೇಸ್ ಮಾತ್ರ, ಒಂದಕ್ಕೆ ಕ್ಯಾಟಲೇಸ್ ಮಾತ್ರ, ಒಂದಕ್ಕೆ ಬಿಎಸ್‌ಎ, ಒಂದಕ್ಕೆ ಎಲ್ಲಾ ಸೇರಿಸಿ, ಇನ್ನೊಂದಕ್ಕೆ ಎಲ್ಲಾ ಸೇರಿಸಿ ಮೇಲೆ ಇಡಿಟಿಎ. ಇಡಿಟಿಎ ಮೆಗ್ನೀಸಿಯಂನ ಹಿಡ್ಕೊಂಡುಬಿಡುತ್ತೆ, ಆ ಟ್ಯೂಬ್‌ನಲ್ಲಿ ಡಿಎನ್‌ಎ ಉಳಿದು ಪಕ್ಕದ್ರಲ್ಲಿ ಹಾಳಾಗಿದ್ರೆ ಕತ್ತರಿಸಿದ್ದು ನ್ಯೂಕ್ಲಿಯೇಸೇ ಅನ್ನೋದಕ್ಕೆ ಬಲವಾದ ಸಾಕ್ಷಿ. ಪ್ರಯೋಗ ಒಂದು ಗಂಟೆದಾದ್ರೆ ಒಂದು ಗಂಟೆ ಇಡಿ, ಅದ್ರ ಜೊತೆಗೆ ಇನ್ನೊಂದು ಸೆಟ್ ಬೆಳಗಿನವರೆಗೂ ಇಡಿ. ನಿಲ್ಲಿಸೋವಾಗ ಪ್ರೋಟೀನನ್ನ ಬಿಡಿಸಿ ಚೂರು ಮಾಡೋ ಎಸ್‌ಡಿಎಸ್, ಪ್ರೋಟೀನೇಸ್ ಕೆ ಹಾಕ್ಬೇಕು, ಇಲ್ಲಾಂದ್ರೆ ಪ್ರೋಟೀನು ಡಿಎನ್‌ಎಗೆ ಅಂಟಿಕೊಂಡೇ ಜೆಲ್‌ಗೆ ಹೋಗಿ, ಕತ್ತರಿಸದೇ ಇದ್ರೂ ಬ್ಯಾಂಡು ಮೇಲೆ ನಿಂತು, ಪಾಪ ಒಳ್ಳೇ ಎನ್‌ಜೈಮಿಗೆ ಕೆಟ್ಟ ಹೆಸರು ಬರುತ್ತೆ.

ಒಂದು ಪರ್ಸೆಂಟ್ ಅಗರೋಸ್ ಜೆಲ್ ಓಡಿಸಿ ಯುವಿ ಕೆಳಗೆ ನೋಡಿದ್ರೆ ಸಾಮಾನ್ಯವಾಗಿ ಕೆಳಗಡೆ ಸೂಪರ್‌ಕಾಯಿಲ್, ಮೇಲ್ಗಡೆ ಗೀರು ಬಿದ್ದ ಉಂಗುರ, ನಡುವೆ ಪೂರ್ತಿ ತುಂಡಾಗಿ ನೇರ ಆಗಿರೋದು. ಕೆಳಗಿನ ಬ್ಯಾಂಡು ತೆಳುವಾಗಿ ಮೇಲಿನದು ದಪ್ಪ ಆದ್ರೆ ಒಂದೆಳೆ ಗೀರೋ ಜಾತಿ. ಕೆಳಗೆ ಇನ್ನೂ ಸುಮಾರು ಸೂಪರ್‌ಕಾಯಿಲ್ ಉಳಿದಿರೋವಾಗ್ಲೇ ನಡುವಿನ ಬ್ಯಾಂಡು ಕಂಡ್ರೆ ಎರಡೂ ಎಳೆ ಒಟ್ಟಿಗೆ ಕತ್ತರಿಸೋದೇ ಒಳಗಿದೆ, ಯಾಕಂದ್ರೆ ಅಲ್ಲೊಂದು ಇಲ್ಲೊಂದು ಗೀರು ಬಿದ್ದು ಎದುರುಬದುರಾಗಿ ಸೇರಿ ತುಂಡಾಗೋಕೆ ತುಂಬಾ ಗೀರು ಬೇಕು, ಅಷ್ಟೊತ್ತಿಗೆ ಸೂಪರ್‌ಕಾಯಿಲ್ ಒಂದೂ ಉಳಿದಿರಲ್ಲ.

ಜೆಲ್ ನೋಡಿ "ಹತ್ತು ಪರ್ಸೆಂಟ್ ತಾನೇ ಹೋಗಿದ್ದು, ಪರ್ವಾಗಿಲ್ಲ" ಅನ್ನೋರು ಇದಾರೆ. ಪರ್ವಾ ಇದೆ. ಮೈಕ್ರೋಸ್ಕೋಪ್ ಕೆಳಗೆ ನಾವು ಎಳೆದು ನೋಡೋದು ಲ್ಯಾಂಬ್ಡಾ ವೈರಸ್ಸಿನ ಡಿಎನ್‌ಎ, 48,502 ಜೋಡಿ, ನೇರ ಎಳೆದ್ರೆ 16 ಮೈಕ್ರಾನ್ ಚಿಲ್ಲರೆ ಉದ್ದ, ಪ್ಲಾಸ್ಮಿಡ್‌ಗಿಂತ ಹನ್ನೊಂದು ಪಟ್ಟು. ಗುರಿ ದೊಡ್ಡದಾದಷ್ಟೂ ಏಟು ಜಾಸ್ತಿ. ಪ್ಲಾಸ್ಮಿಡ್‌ನಲ್ಲಿ ನೂರಕ್ಕೆ ಹತ್ತಕ್ಕೆ ಗೀರು ಬಿದ್ದ ಅದೇ ಹೊತ್ತಲ್ಲಿ, ಗೀರು ಎಲ್ಲಾ ಕಡೆ ಸಮನಾಗಿ ಬೀಳುತ್ತೆ ಅಂದ್ಕೊಂಡ್ರೆ, ಲ್ಯಾಂಬ್ಡಾದಲ್ಲಿ ನೂರಕ್ಕೆ ಸುಮಾರು 69ಕ್ಕೆ ಒಂದಾದ್ರೂ ಗೀರು ಬಿದ್ದಿರುತ್ತೆ. ಮೂರಲ್ಲಿ ಎರಡಕ್ಕೂ ಹೆಚ್ಚು.

ಈ ಟೆಸ್ಟಿಗೂ ಒಂದು ಕುರುಡು ಇದೆ, ಎಷ್ಟೋ ಜನ ಅದನ್ನ ಹೇಳಲ್ಲ. ಪ್ಲಾಸ್ಮಿಡ್ ದುಂಡಗಿದೆ, ಅದಕ್ಕೆ ತುದಿ ಇಲ್ಲ. ತುದಿಯಿಂದ ಮೆಲ್ಲೋ ಎಕ್ಸೋನ್ಯೂಕ್ಲಿಯೇಸ್ ನಿಮ್ಮ ಸ್ಟಾಕಲ್ಲಿ ರಾಶಿ ಇದ್ರೂ ಜೆಲ್ ಫಳಫಳ ಅಂತ ಕ್ಲೀನ್ ಬರುತ್ತೆ. ಲ್ಯಾಂಬ್ಡಾಗೆ ಎರಡು ತುದಿ ಇದೆ, ಆಲಿಗೋ ಅನ್ನೋ, ಲ್ಯಾಬ್‌ನಲ್ಲಿ ತಯಾರಿಸಿದ ಗಿಡ್ಡ ಡಿಎನ್‌ಎಗಂತೂ ತುದೀನೇ ಮುಖ್ಯ, ಬಣ್ಣ ಅಂಟಿಸಿರೋದೂ ಅಲ್ಲೇ. ಹಂಗಾಗಿ ತುದಿಗೆ ಬಣ್ಣ ಇರೋ ಒಂದು ನೇರ ಡಿಎನ್‌ಎ, ಆಗುತ್ತೆ ಅಂದ್ರೆ ಒಂಟಿ ಎಳೆದೊಂದು, ಜೋಡಿ ಎಳೆದೊಂದು, ಅದೇ ಬಫರಲ್ಲಿ ಇಟ್ಟು ಅಕ್ರಿಲಮೈಡ್ ಜೆಲ್‌ನಲ್ಲಿ ನೋಡ್ಬೇಕು. ಇನ್ನು ಯೋಯೋ-1 ಥರ ಡಿಎನ್‌ಎ ಒಳಗೆ ನುಗ್ಗಿ ಕೂರೋ ಬಣ್ಣ ಬಳಸೋರಿಗೆ ಇನ್ನೊಂದು ಗೊಂದಲ, ಅದು ಬೆಳಕು ಬಿದ್ದಾಗ ಆಕ್ಸಿಜನ್ ಜೊತೆ ಸೇರಿ ತಾನೇ ಡಿಎನ್‌ಎ ಕಡಿಯುತ್ತೆ. ಬೆಳಕು ಕಡಿದಿದ್ದಾ ನ್ಯೂಕ್ಲಿಯೇಸ್ ಕಡಿದಿದ್ದಾ ಅಂತ ತಿಳಿಯೋಕೆ ಶಟರ್ ಮುಚ್ಚಿ ಅಷ್ಟೇ ಹೊತ್ತು ಕತ್ತಲಲ್ಲಿ ಬಿಟ್ಟು ಆಮೇಲೆ ಒಂದೇ ಒಂದು ಫೋಟೋ ತಗೊಳ್ಳಿ. ಕತ್ತಲಲ್ಲೂ ತುಂಡಾಗಿದ್ರೆ ಲೇಸರ್ ನಿರಪರಾಧಿ.

ನ್ಯೂಕ್ಲಿಯೇಸ್ ಸಿಕ್ಕಿತು ಅಂತ ಎಲ್ಲಾ ಎಸೀಬೇಕಾಗಿಲ್ಲ. ಗ್ಲೂಕೋಸ್ ಆಕ್ಸಿಡೇಸ್ ಸುಮಾರು 160 ಕಿಲೊಡಾಲ್ಟನ್ (ಅಣುವಿನ ತೂಕದ ಅಳತೆ), ಕ್ಯಾಟಲೇಸ್ 240ರ ಮೇಲೆ, ಡಿಎನ್‌ಏಸ್-1 ಥರದ ನ್ಯೂಕ್ಲಿಯೇಸ್‌ಗಳು 30ರ ಆಸುಪಾಸು. ಗಾತ್ರದಲ್ಲಿ ಇಷ್ಟು ಅಂತರ ಇರೋದ್ರಿಂದ ಜೆಲ್ ಫಿಲ್ಟ್ರೇಶನ್ ಕಾಲಂನಲ್ಲಿ ಒಂದ್ಸಲ ಹಾಯಿಸಿದ್ರೆ ಎಷ್ಟೋ ಬೇರೆಯಾಗುತ್ತೆ. ಆಮೇಲೆ ಮತ್ತೆ ಅದೇ ಪ್ಲಾಸ್ಮಿಡ್ ಟೆಸ್ಟ್. ಎಲ್ಲಾ ನ್ಯೂಕ್ಲಿಯೇಸೂ ಸಣ್ಣದೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಮೂರನೇ ಪ್ರಶ್ನೆ, ಬಣ್ಣ ಸಾಯಿಸೋ ಕಸ, ಇದನ್ನ ಬೇಗ ಹೇಳಿ ಮುಗಿಸ್ತೀನಿ. ಸೈ5 ಬಳಸೋವಾಗ, ಪ್ರೋಟೀನ್ ಕೆಡದ ಹಾಗೆ ಹಾಕೋ ಬೀಟಾ-ಮರ್ಕ್ಯಾಪ್ಟೊಎಥನಾಲ್ ಇದ್ರೆ ಅದು ಬಣ್ಣದ ಅಣುವಿಗೇ ಹೋಗಿ ಅಂಟಿಕೊಂಡು ಕತ್ತಲು ಮಾಡುತ್ತೆ, ಅದೇ ಕೆಲಸಕ್ಕೆ ಹಾಕೋ ಟಿಸಿಇಪಿ ಕೂಡ ಅಷ್ಟೇ, ನೀವು ಹಾಕದೇ ಇದ್ರೂ ಪ್ರೋಟೀನ್ ಸ್ಟಾಕ್ ಜೊತೆ ಬಂದಿರುತ್ತೆ. ಸ್ಟಾಕ್ ಕೆಡದ ಹಾಗೆ ಹಾಕೋ ಸೋಡಿಯಂ ಅಝೈಡ್ ಕ್ಯಾಟಲೇಸ್‌ನ ನಿಲ್ಲಿಸಿಬಿಡುತ್ತೆ, ಆಗ ಗ್ಲೂಕೋಸ್ ಆಕ್ಸಿಡೇಸ್ ಹುಟ್ಟಿಸೋ ಹೈಡ್ರೋಜನ್ ಪೆರಾಕ್ಸೈಡ್ ತುಂಬ್ಕೊಳ್ಳುತ್ತೆ. ಟ್ವೀನ್-20 ಅನ್ನೋ ಸೋಪಿನಂಥದರ ಹಳೇ ಬಾಟ್ಲೀಲಂತೂ ಪೆರಾಕ್ಸೈಡ್ ತಾನೇ ತಾನಾಗಿ ಹುಟ್ಟುತ್ತೆ. ಬಣ್ಣ ಮಿಣುಕದ ಹಾಗೆ ಬಫರಿಗೆ ಹಾಕೋ ಟ್ರೋಲಾಕ್ಸ್ ವಿಷಯ ತಮಾಷೆಯಾಗಿದೆ. ಮಿಣುಕು ನಿಲ್ಲಿಸೋಕೆ ಅದು ಒಳ್ಳೇದು ಅಂತ 2006ರಲ್ಲಿ ಅಮೆರಿಕದ ತೇಕ್‌ಜಿಪ್ ಹಾ ಅವರ ಗುಂಪು ತೋರಿಸಿತ್ತು, 2009ರಲ್ಲಿ ಜರ್ಮನಿಯವರು ನೋಡಿದ್ರೆ ಅದರಲ್ಲಿ ಒಂದು ಪಾಲು ಹಾಳಾಗಿ ಆಗೋ ಟ್ರೋಲಾಕ್ಸ್ ಕ್ವಿನೋನ್ ಕೂಡ ಜೊತೇಲಿ ಬೇಕೇ ಬೇಕು ಅಂತಾಯ್ತು. ಅಂದ್ರೆ ಇಲ್ಲಿ ತೀರಾ ಪ್ಯೂರ್ ಇದ್ರೇ ಕೆಲಸ ಕೆಡುತ್ತೆ. ಜನ ಬೇಕಂತ್ಲೇ ಯುವಿ ಕೆಳಗಿಟ್ಟು ಹಳೇದು ಮಾಡ್ತಾರೆ. ಟೆಸ್ಟ್ ಮಾಡೋದು ಸುಲಭ, ಚೆನ್ನಾಗಿ ಗೊತ್ತಿರೋ ಒಂದು ಬಣ್ಣದ ಡಿಎನ್‌ಎ ಇಟ್ಕೊಂಡು ಅದು ಸರಾಸರಿ ಎಷ್ಟು ಸೆಕೆಂಡು ಉರಿಯುತ್ತೆ ಅಂತ ಪ್ರತಿ ಹೊಸ ಬಫರಲ್ಲೂ ಅಳೆಯೋದು.

ಡಿಎನ್‌ಎನೇ ಪ್ಯೂರ್ ಇದೆಯಾ ಅಂತ ಕೇಳೋದು ಮರೀಬೇಡಿ. ಆಲಿಗೋ ತಯಾರಿಸೋವಾಗ ಒಂದೊಂದು ಬೇಸ್ ಸೇರೋದು 99 ಪರ್ಸೆಂಟ್ ಯಶಸ್ವಿ ಅಂದ್ರೂ 50 ಬೇಸಿನದರಲ್ಲಿ ಪೂರ್ತಿ ಉದ್ದದ್ದು 61 ಪರ್ಸೆಂಟ್, 100 ಬೇಸಿಗೆ 37 ಪರ್ಸೆಂಟ್ ಮಾತ್ರ. ಅರ್ಧಂಬರ್ಧ ತುಂಡುಗಳನ್ನ ಬೇರೆ ಮಾಡೋ ಹೆಚ್‌ಪಿಎಲ್‌ಸಿ ಮಾಡಿಸಿದ್ದೇ ತರಿಸಿ, ದುಡ್ಡು ಉಳಿಸೋ ಜಾಗ ಇದಲ್ಲ. ಪ್ರೋಟೀನ್ ಬೆರೆತಿದೆಯಾ ಅಂತ ನೋಡೋ 260/280 ಅನುಪಾತ 1.8 ಬಂದಿದೆ ಅನ್ನೋದು ಇಲ್ಲಿ ಏನೂ ಹೇಳಲ್ಲ.

ಇನ್ನು ನಮ್ಮೂರಿನ ಮಾತು. ಪೆಗ್ ಪುಡಿ ತೇವ ಮುಟ್ಟಿದ್ರೆ ಅದರ ಅಂಟೋ ತುದಿ ಸತ್ತೋಗುತ್ತೆ, ಮೈನಸ್ 20ರಿಂದ ತೆಗೆದ ತಕ್ಷಣ ಮಳೆಗಾಲದ ಗಾಳೀಲಿ ಮುಚ್ಚಳ ಬಿಚ್ಚಿದ್ರೆ ಒಳಗೆಲ್ಲಾ ಹನಿ ಕಟ್ಟುತ್ತೆ, ಅರ್ಧ ಗಂಟೆ ಹಂಗೇ ಇಟ್ಟು ರೂಮಿನ ಬಿಸಿಗೆ ಬಂದ್ಮೇಲೆ ಬಿಚ್ಚಿ. ದಸರಾ ರಜೇಲಿ ಕರೆಂಟು ಹೋಗಿ ಬಂದು ಮಾಡಿದ ಫ್ರೀಜರಿನಲ್ಲಿದ್ದ ಎನ್‌ಜೈಮನ್ನ ಯೂನಿಟ್ ನೋಡಿ ನಂಬಬೇಡಿ. ಬೆಂಗಳೂರಿನ ಸ್ಲಾಟ್ ಗುರುವಾರ ಅಂದ್ರೆ ಸೋಮವಾರಾನೇ ಇಲ್ಲಿ ಫ್ಲೋರಿಮೀಟರ್ರು, ಮಂಗಳವಾರ ಪ್ಲಾಸ್ಮಿಡ್ ಜೆಲ್ಲು, ಪಾಸಾಗಿದ್ದು ಮಾತ್ರ ಐಸ್ ಡಬ್ಬಿಗೆ. ಒಳ್ಳೇ ಲಾಟ್ ಸಿಕ್ಕಿದ್ರೆ ಅದೇ ಲಾಟ್ ನಂಬರ್ ಹೇಳಿ ಒಟ್ಟಿಗೆ ತರಿಸಿ, ಸಣ್ಣಸಣ್ಣ ಟ್ಯೂಬಿಗೆ ಹಂಚಿ, ಮುಚ್ಚಳದ ಮೇಲೆ ಲಾಟ್ ನಂಬರ್ರು, ಟೆಸ್ಟ್ ಮಾಡಿದ ತಾರೀಖು ಎರಡೂ ಬರೀರಿ. ಕೊನೇ ಎರಡು ಟ್ಯೂಬ್ ಮಾತ್ರ ಯಾರು ಎಷ್ಟೇ ಕೇಳಿದ್ರೂ ಕೊಡಬೇಡಿ, ಹೊಸ ಲಾಟ್ ಬಂದ ದಿನ ಅದೇ ಜೆಲ್‌ನಲ್ಲಿ ಪಕ್ಕದ ವೆಲ್‌ಗೆ ಹಾಕೋಕೆ ಅವು ಬೇಕು.